ದೇವರ ಹುಟ್ಟುಹಬ್ಬ ಮತ್ತು ಅಜ್ಜಿಯ ಸಿಟ್ಟು

ಪ್ರಶ್ನೆ: ನಾನು 36 ವರ್ಷದ ಗೃಹಿಣಿ. ನಾಲ್ಕನೇ ತರಗತಿಯಲ್ಲಿರುವ ಮಗಳು ಹೋದ ತಿಂಗಳು ನಮ್ಮ ಅತ್ತೆಯ ಪಕ್ಕ ಕುಳಿತು ಹೂಬತ್ತಿ ಹೊಸೆಯುತ್ತಾ, ‘ಅಜ್ಜಿ, ಕೃಷ್ಣ ಹುಟ್ಟಿದ್ದು ಅಷ್ಟಮಿಗೆ, ರಾಮ ಹುಟ್ಟಿದ್ದು ನವಮಿಗೆ. ಅವರು ಹುಟ್ಟುವ ಮುಂಚೆ ಏನಿತ್ತು?’ ಎಂದು ಕೇಳಿದಳು. ದೇವರಿಗೆ ಹುಟ್ಟಿಲ್ಲ, ಸಾವಿಲ್ಲ ಎಂದರು ಅತ್ತೆ. ‘ಮತ್ತೆ ಜನ್ಮಾಷ್ಟಮಿ ಯಾಕೆ ಮಾಡ್ತೀವಿ?’ ಎಂದಾಗ, ಅತಿಪ್ರಶ್ನೆ ಕೇಳಿದರೆ ತಲೆ ಉದುರಿ ಬೀಳುತ್ತದೆ ಎಂದು ಗದರಿದರು. ಅಂದಿನಿಂದ ಮಗು ದೇವರ ಮನೆಯ ಹತ್ತಿರ ಸುಳಿಯುತ್ತಿಲ್ಲ. ಇದನ್ನೆಲ್ಲ ನಾನೇ ಹೇಳಿಕೊಟ್ಟೆನೆಂದು ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಪತಿ ಮಹಾಸ್ಫೋಟದ (ಬಿಗ್ ಬ್ಯಾಂಗ್) ವಿಡಿಯೊ ತೋರಿಸಿ ಕೈತೊಳೆದುಕೊಂಡರು. ಆಷಾಢದಲ್ಲಿ ನನ್ನ ತಂದೆ ತೀರಿಕೊಂಡ ಮೇಲೆ ಇಂಥ ಪ್ರಶ್ನೆಗಳು ನನ್ನ ನಿದ್ದೆಯನ್ನೂ ಕೆಡಿಸುತ್ತಿವೆ. ಸಂಜೆ ದೀಪ ಹಚ್ಚುವಾಗ ನಾಟಕವಾಡುತ್ತಿದ್ದೇನೆ ಅನ್ನಿಸುತ್ತದೆ. ಮಗಳಿಗೆ ಏನು ಹೇಳಲಿ? ನಾನು ನಾಸ್ತಿಕಳಾಗುತ್ತಿದ್ದೇನೆಯೇ?
– ಹೆಸರು, ಊರು ಬೇಡ

ಉತ್ತರ: ತಲೆ ಉದುರುವ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮಗು ಹೆದರಿರುವುದು ಅದಕ್ಕೆ. ನಿಮ್ಮ ಅತ್ತೆಯವರು ಅದನ್ನು ಕಟ್ಟಿ ಹೇಳಿದ್ದಲ್ಲ. ಬಹುಶಃ ಯಾವುದೋ ಹರಿಕಥೆಯಲ್ಲಿ ಕೇಳಿದ್ದಿರಬೇಕು. ಅದರ ಮೂಲ ಬೃಹದಾರಣ್ಯಕ ಉಪನಿಷತ್ತಿನಲ್ಲಿದೆ. ಜನಕರಾಜನ ಸಭೆಯಲ್ಲಿ ವಿದುಷಿ ಗಾರ್ಗಿ ಋಷಿ ಯಾಜ್ಞವಲ್ಕ್ಯನನ್ನು, ಇದೆಲ್ಲವೂ ನೀರಿನಲ್ಲಿ ಹಾಸುಹೊಕ್ಕಾಗಿದ್ದರೆ ನೀರು ಯಾವುದರಲ್ಲಿ ಹಾಸುಹೊಕ್ಕಾಗಿದೆ ಎಂದು ಕೇಳುತ್ತಾಳೆ. ಅವನು ಗಾಳಿ ಎನ್ನುತ್ತಾನೆ, ಗಾಳಿ ಯಾವುದರಲ್ಲಿ ಎಂದು ಅವಳು ಮತ್ತೆ ಕೇಳುತ್ತಾಳೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬ್ರಹ್ಮಲೋಕದವರೆಗೆ ಹೋದ ಮೇಲೆ, ‘ಗಾರ್ಗೀ, ಅತಿಪ್ರಶ್ನೆ ಮಾಡಬೇಡ, ತಲೆ ಬಿದ್ದೀತು’ ಎಂದು ಅವನು ತಡೆಯುತ್ತಾನೆ. ನಿಮ್ಮ ಮಗಳು ನಡೆದದ್ದೂ ಇದೇ ದಾರಿಯಲ್ಲಿ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಸಭೆಯಲ್ಲಿ ಸ್ವಲ್ಪ ಹೊತ್ತಿನ ನಂತರ ಗಾರ್ಗಿ ಮತ್ತೆ ಎದ್ದು ನಿಂತು, ಬಿಲ್ಲಿಗೆ ಹೆದೆಯೇರಿಸಿದ ವೀರನಂತೆ ಎರಡು ಬಾಣಗಳನ್ನು, ಅಂದರೆ ಎರಡು ಪ್ರಶ್ನೆಗಳನ್ನು ಹಿಡಿದು ಬಂದಿದ್ದೇನೆ ಎನ್ನುತ್ತಾಳೆ. ಈ ಸಲ ಯಾಜ್ಞವಲ್ಕ್ಯ ಅವಳನ್ನು ಗದರುವುದಿಲ್ಲ, ‘ಕೇಳು ಗಾರ್ಗೀ’ ಎಂದು ಕರೆದು, ದಪ್ಪವೂ ಅಲ್ಲದ ತೆಳ್ಳಗೂ ಅಲ್ಲದ, ಒಳಗೂ ಇಲ್ಲದ ಹೊರಗೂ ಇಲ್ಲದ ಅಕ್ಷರವನ್ನು, ಅಂದರೆ ನಾಶವಿಲ್ಲದ ತತ್ತ್ವವನ್ನು ಅವಳಿಗೆ ಹೇಳುತ್ತಾನೆ. ತಲೆ ನಿಜವಾಗಿ ಬಿದ್ದದ್ದು ಆಮೇಲೆ ಬಂದ ಶಾಕಲ್ಯನದು. ಅವನೂ ಪ್ರಶ್ನೆಗಳ ಸುರಿಮಳೆಯನ್ನೇ ಸುರಿಸಿದವನು, ಆದರೆ ತಲೆ ಹೋದದ್ದು ಯಾಜ್ಞವಲ್ಕ್ಯ ತಿರುಗಿ ಕೇಳಿದ ಒಂದೇ ಪ್ರಶ್ನೆಗೆ ಉತ್ತರ ತಿಳಿಯದೆ. ಈ ಲೆಕ್ಕದಲ್ಲಿ ತಲೆಯ ಚಿಂತೆ ಮಾಡಬೇಕಾದವರು ಉತ್ತರ ಗೊತ್ತಿದೆ ಎನ್ನುವ ದೊಡ್ಡವರು, ನಾನೂ ಸೇರಿದಂತೆ.

ಸೃಷ್ಟಿಗೆ ಮುಂಚೆ ಏನಿತ್ತು ಎಂಬುದಕ್ಕೆ ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ, ನಾಸದೀಯವೆಂದು ಕರೆಯುವ ಏಳೇ ಏಳು ಮಂತ್ರಗಳದ್ದು, ಕೊಡುವ ಉತ್ತರವನ್ನು ನೋಡಿ. ಆಗ ಸತ್, ಅಂದರೆ ಇರುವುದು, ಇರಲಿಲ್ಲ, ಅಸತ್, ಅಂದರೆ ಇಲ್ಲದ್ದು, ಅದೂ ಇರಲಿಲ್ಲ, ಸಾವೂ ಇರಲಿಲ್ಲ, ಅಮೃತವೂ ಇರಲಿಲ್ಲ ಎನ್ನುತ್ತಾ ಹೋಗುವ ಋಷಿ, ದೇವತೆಗಳೂ ಈ ಸೃಷ್ಟಿಯಾದ ಮೇಲೆ ಬಂದವರೇ, ಹಾಗಿರುವಾಗ ಇದು ಎಲ್ಲಿಂದ ಬಂತೆಂದು ಬಲ್ಲವರಾರು ಎಂದು ಕೇಳುತ್ತಾನೆ. ಕೊನೆಯ ಮಂತ್ರದಲ್ಲಂತೂ, ಪರಮಾಕಾಶದಲ್ಲಿದ್ದು ಇದನ್ನು ನೋಡುತ್ತಿರುವ ಅಧ್ಯಕ್ಷನೇ ಇದನ್ನು ಬಲ್ಲ, ‘ಯದಿ ವಾ ನ ವೇದ’, ಅಥವಾ ಅವನೂ ಅರಿಯನೇನೋ ಎಂದು ಮಾತು ನಿಲ್ಲಿಸುತ್ತಾನೆ. ಹೀಗೆ ಕೇಳಿದವನನ್ನು ನಾಸ್ತಿಕನೆಂದು ಯಾರೂ ಹೊರಗಿಡಲಿಲ್ಲ. ಅವನ ಮಾತನ್ನು ವೇದವೆಂದು ಬಾಯಿಪಾಠ ಮಾಡಿಕೊಂಡು ಬಂದರು. ನಿಮ್ಮ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ.

ನಮ್ಮ ನೆಲದಲ್ಲಿ ಉತ್ತರಗಳು ಒಂದೇ ಬಗೆಯಾಗಿಯೂ ಇಲ್ಲ. ಮಧ್ವಮತದವರು ದೇವರಂತೆ ಜೀವರಿಗೂ ಆದಿಯಿಲ್ಲ ಎಂದರೆ, ರಾಷ್ಟ್ರಕೂಟರ ಕಾಲದ ಜೈನ ಆಚಾರ್ಯ ಜಿನಸೇನರು, ದೇವರು ಲೋಕವನ್ನು ಮಾಡಿದನೆಂದಾದರೆ ಮಾಡುವ ಮುಂಚೆ ಅವನು ಎಲ್ಲಿದ್ದ ಎಂದು ಪ್ರಶ್ನಿಸಿ, ಲೋಕವನ್ನು ಯಾರೂ ಮಾಡಲೇ ಇಲ್ಲ ಎಂದರು. ನಿಮ್ಮ ಪತಿ ತೋರಿಸಿದ ವಿಡಿಯೊ ಸುಳ್ಳಲ್ಲ, ಆದರೆ ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಹಿಗ್ಗತೊಡಗಿತು ಎಂಬುದು ಮಗು ಕೇಳಿದ್ದಕ್ಕೆ ಪೂರ್ತಿ ಉತ್ತರವಾಗುವುದಿಲ್ಲ. ಆ ಸಿದ್ಧಾಂತಕ್ಕೆ ಬುನಾದಿ ಹಾಕಿದವರಲ್ಲೊಬ್ಬರಾದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪ್ ಅದನ್ನು ಸೃಷ್ಟಿಕರ್ತನಿಗೆ ಸಾಕ್ಷಿಯೆಂಬಂತೆ ಮಾತನಾಡಿದಾಗ ಅವರಿಗೇ ಅದು ಹಿಡಿಸಲಿಲ್ಲ.

ಮಗಳಿಗೆ ಹೇಳುವಾಗ ಜನ್ಮಾಷ್ಟಮಿಯ ಗಂಟನ್ನು ಮೊದಲು ಬಿಡಿಸಿ. ಅದು ಅವತಾರದ ಹುಟ್ಟುಹಬ್ಬ, ಬಂದವನು ಬರುವ ಮುಂಚೆಯೂ ಇದ್ದ ಎಂಬುದು ಅಜ್ಜಿಯ ನಂಬಿಕೆ ಎಂದರೆ ಅವಳಿಗೆ ಅರ್ಥವಾಗುತ್ತದೆ. (ಶಿವ ಪಾರ್ವತಿಯರು ತಮ್ಮ ಮದುವೆಯಲ್ಲೇ ಗಣಪತಿಯನ್ನು ಪೂಜಿಸಿದರೆಂದು ಬರೆದ ತುಳಸೀದಾಸರು, ಸಂಶಯ ಪಡಬೇಡಿ, ದೇವರುಗಳು ಅನಾದಿ ಎಂದು ಸೇರಿಸಿದ್ದಾರೆ, ಅವರ ಕೇಳುಗರಲ್ಲೂ ನಿಮ್ಮ ಮಗಳಂಥವರು ಇದ್ದಿರಬೇಕು.) ಆಮೇಲೆ, ಅದಕ್ಕೂ ಮುಂಚೆ ಏನಿತ್ತೆಂದು ನನಗೂ ಗೊತ್ತಿಲ್ಲ ಮಗಳೇ ಎಂದು ಹೇಳಿಬಿಡಿ. ಗೊತ್ತಿರುವವರಂತೆ ನಟಿಸಿದರೆ ಒಂಬತ್ತು ವರ್ಷದ ಮಗು ಕ್ಷಣದಲ್ಲಿ ಹಿಡಿಯುತ್ತದೆ.

ಇನ್ನು ನಿಮ್ಮ ದೀಪದ ವಿಷಯ. ನಿಮ್ಮ ಪತ್ರದಲ್ಲಿ ತಂದೆಯವರ ಸಾವು ಒಂದೇ ಸಾಲಿನಲ್ಲಿ ಬಂದು ಹೋಗಿದೆ, ಆದರೆ ನಿಮ್ಮ ನಿದ್ದೆ ಕೆಟ್ಟದ್ದು ಅಲ್ಲಿಂದ ಎಂದು ನೀವೇ ಬರೆದಿದ್ದೀರಿ. ದೇವರು ಎಲ್ಲಿಂದ ಬಂದ ಎಂಬ ಪ್ರಶ್ನೆಯ ಬೆನ್ನಿಗೇ ಅಪ್ಪ ಎಲ್ಲಿಗೆ ಹೋದರು ಎಂಬ ಪ್ರಶ್ನೆಯೂ ಕುಳಿತಿರಬಹುದೇ, ನೋಡಿಕೊಳ್ಳಿ. ಹಾಗಿದ್ದರೆ ತತ್ತ್ವಶಾಸ್ತ್ರಕ್ಕಿಂತ ಮೊದಲು ನಿಮ್ಮ ತಾಯಿಯೊಡನೆಯೋ ಒಡಹುಟ್ಟಿದವರೊಡನೆಯೋ ಕುಳಿತು ಅಪ್ಪನ ಬಗ್ಗೆ ಮಾತನಾಡಿ, ಅಳು ಬಂದರೆ ಅತ್ತುಬಿಡಿ. ನಿದ್ದೆ ಹೀಗೇ ಕೆಡುತ್ತಿದ್ದರೆ ವೈದ್ಯರನ್ನು ಕಾಣಿ. ಮನಸ್ಸು ತುಂಬದ ದಿನ ಹಚ್ಚಿದ ದೀಪವನ್ನು ನಾನು ನಾಟಕವೆನ್ನಲಾರೆ. ಒಂದೆರಡು ದಿನ ಹಚ್ಚಲಾಗದಿದ್ದರೆ ಅತ್ತೆಯವರಿಗೆ ಹೇಳಿ, ಅವರು ಹಚ್ಚಲಿ.

ಅತ್ತೆಯವರ ಸಿಟ್ಟಿನ ಅಡಿಯಲ್ಲಿ ಭಯವಿದೆ ಎಂದು ನನಗೆ ತೋರುತ್ತದೆ. ತಾನು ಇಷ್ಟು ವರ್ಷ ಹೊಸೆದ ಬತ್ತಿಯನ್ನು ಮೊಮ್ಮಗಳು ಅರ್ಥವಿಲ್ಲದ್ದು ಎಂದುಬಿಟ್ಟಾಳೆಂಬ ಭಯ. ಅವರೊಡನೆ ವಾದಕ್ಕೆ ಇಳಿಯಬೇಡಿ. ಹತ್ತಿಯ ಬುಟ್ಟಿ ಹೊರಗೆ ಬಂದ ದಿನ ನೀವೂ ಹೋಗಿ ಕುಳಿತು, ‘ಅತ್ತೆ, ಆ ಗಾರ್ಗಿಯ ಕಥೆ ಆಮೇಲೆ ಏನಾಗುತ್ತದೆ?’ ಎಂದು ಕೇಳಿ. ಗೊತ್ತಿದ್ದರೆ ಅವರೇ ಹೇಳಲಿ, ಇಲ್ಲದಿದ್ದರೆ ಗಾರ್ಗಿ ಎರಡನೆಯ ಸಲ ಎದ್ದು ನಿಂತದ್ದನ್ನು ನೀವು ಹೇಳಿ, ಮಗಳು ಕೋಣೆಯಲ್ಲಿದ್ದರೂ ಕೇಳಿಸುವಷ್ಟು ಗಟ್ಟಿಯಾಗಿ.