ಪುಟದಂಚಿನಲ್ಲಿ ಮೂರು ಹೆಸರುಗಳು

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಕೆಲವು ತಿಂಗಳಿಂದ ಅವಳು ಒಂದೇ ಬಗೆಯ ಕಾದಂಬರಿಗಳನ್ನು ಮತ್ತೆ ಮತ್ತೆ ಓದುತ್ತಿದ್ದಾಳೆ. ಸಹಪಾಠಿಗಳ ಹೀಯಾಳಿಕೆಯಿಂದ ನೊಂದ ಹುಡುಗಿಯೊಬ್ಬಳು ಬೇರೆ ಶಾಲೆ ಸೇರಿ, ಹೆಸರು, ವೇಷ, ಮಾತಿನ ಧಾಟಿ ಎಲ್ಲವನ್ನೂ ಬದಲಿಸಿಕೊಂಡು ಹೊಸಬಳಾಗುವ ಕಥೆಗಳು ಅವು. ಈಗ ತಾನೂ ಶಾಲೆ ಬದಲಿಸಬೇಕು, ಅಲ್ಲಿ ತನ್ನನ್ನು ಬಲ್ಲವರು ಯಾರೂ ಇರಬಾರದು, ತನ್ನನ್ನು ಬೇರೆ ಹೆಸರಿನಿಂದ ಕರೆಯಬೇಕು ಎಂದು ಹಟ ಹಿಡಿದಿದ್ದಾಳೆ. ಕಾರಣ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಮೊನ್ನೆ ಅವಳ ಹಾಸಿಗೆ ಸರಿಪಡಿಸುವಾಗ ಸಿಕ್ಕ ಕಾದಂಬರಿಯನ್ನು ತೆರೆದು ನೋಡಿದೆ. ಕಾಟ ಕೊಡುವ ಪಾತ್ರಗಳ ಹೆಸರಿನ ಪಕ್ಕದಲ್ಲಿ ತನ್ನ ತರಗತಿಯ ಮೂವರು ಹುಡುಗಿಯರ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದಾಳೆ. ಅವರಲ್ಲಿ ಒಬ್ಬಳು ಚಿಕ್ಕಂದಿನಿಂದ ಇವಳ ಆಪ್ತ ಗೆಳತಿ. ಕಾದಂಬರಿಗಳೇ ಅವಳ ತಲೆ ಕೆಡಿಸಿವೆ, ಎಲ್ಲವನ್ನೂ ಎತ್ತಿಡು ಎನ್ನುತ್ತಾರೆ ನನ್ನ ಪತಿ. ಪುಸ್ತಕ ನೋಡಿದೆನೆಂದು ಹೇಳಿದರೆ ಅವಳ ನಂಬಿಕೆ ಕಳೆದುಕೊಳ್ಳುತ್ತೇನೆ, ಹೇಳದಿದ್ದರೆ ಅವಳು ಒಬ್ಬಳೇ ನವೆಯುತ್ತಾಳೆ. ನಾನೇನು ಮಾಡಲಿ?

ಉತ್ತರ: ಮೊದಲಿಗೆ, ದಯವಿಟ್ಟು ಆ ಪುಸ್ತಕಗಳನ್ನು ಎತ್ತಿಡಬೇಡಿ. ಬಾಯಿಬಿಟ್ಟು ಹೇಳಲಾಗದ್ದನ್ನು ನಿಮ್ಮ ಮಗಳು ಆ ಪುಟದಂಚಿನಲ್ಲಿ ಹೇಳಿಕೊಂಡಿದ್ದಾಳೆ. ಅದು ಸದ್ಯಕ್ಕೆ ಅವಳಿಗಿರುವ ಒಂದೇ ಮಾತಿನ ದಾರಿ ಇರಬಹುದು. 'ನನ್ನನ್ನು ಅವಮಾನಿಸುತ್ತಿದ್ದಾರೆ' ಎನ್ನುವಾಗ ನಾಚಿಕೆಯಿಂದ ಗಂಟಲು ಕಟ್ಟುವ ವಯಸ್ಸಿನಲ್ಲಿ 'ಅವಳನ್ನು ಅವಮಾನಿಸಿದರು' ಎಂದು ಓದುವುದು, ಓದಿ ಅಳುವುದು, ಆ ಕ್ರೌರ್ಯಕ್ಕೆ ತಾನು ಬಲ್ಲ ಹೆಸರುಗಳನ್ನು ಕೊಡುವುದು ಸಾಧ್ಯವಾಗುತ್ತದೆ. ಪುಸ್ತಕವನ್ನು ಕಿತ್ತುಕೊಂಡರೆ ನೋವು ಉಳಿಯುತ್ತದೆ, ಅದನ್ನು ಹೇಳಿಕೊಳ್ಳುವ ಜಾಗ ಮಾತ್ರ ಇಲ್ಲವಾಗುತ್ತದೆ.

ಇದು ಮಕ್ಕಳ ನಡುವಿನ ಸಾಮಾನ್ಯ ಜಗಳವೇ, ಬುಲ್ಲಿಯಿಂಗ್ ಎಂದು ಕರೆಯುವ ಕಿರುಕುಳವೇ ಎಂಬುದನ್ನು ತಿಳಿಯಲು ಒಂದು ಅಳತೆಗೋಲಿದೆ. 1970ರ ದಶಕದಲ್ಲಿ ಈ ವಿಷಯದ ಅಧ್ಯಯನಕ್ಕೆ ಬುನಾದಿ ಹಾಕಿದ ಮನಶ್ಶಾಸ್ತ್ರಜ್ಞ ಡಾನ್ ಒಲ್ವೇಯಸ್ ಮೂರು ಲಕ್ಷಣಗಳನ್ನು ಗುರುತಿಸಿದರು: ನೋಯಿಸುವ ಉದ್ದೇಶ, ಅದು ಮತ್ತೆ ಮತ್ತೆ ನಡೆಯುವುದು, ಮತ್ತು ನೊಂದವರು ಎದುರಿಸಲಾಗದಷ್ಟು ಬಲದ ಅಂತರ. ಆ ಬಲ ತೋಳಿನದೇ ಆಗಬೇಕಿಲ್ಲ. ಮೂವರು ಒಂದಾಗಿ ಒಬ್ಬಳನ್ನು ಹೊರಗಿಡುವುದರಲ್ಲೂ, ಬಾಲ್ಯದ ಗೆಳತಿಯೊಬ್ಬಳು ತನಗೆ ಮಾತ್ರ ಗೊತ್ತಿರುವ ಗುಟ್ಟುಗಳನ್ನು ಆಯುಧವಾಗಿ ಬಳಸುವುದರಲ್ಲೂ ಅದೇ ಬಲವಿದೆ. ಶಾಲಾ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಸಹಪಾಠಿಗಳ ಕಿರುಕುಳಕ್ಕೆ ಒಳಗಾಗಿದ್ದರೆಂದು ಯುನೆಸ್ಕೋ 2019ರ ವರದಿಯಲ್ಲಿ ಹೇಳಿದೆ. ನಿಮ್ಮ ಮಗಳಿಗೆ ಈ ಅಂಕಿಯನ್ನು ಎಂದಾದರೂ ತಿಳಿಸಿ, ಏಕೆಂದರೆ ತನ್ನಲ್ಲೇ ಏನೋ ಕುಂದಿದೆ ಎಂಬ ಭಾವನೆಯನ್ನು ಅದು ಸ್ವಲ್ಪವಾದರೂ ಸಡಿಲಿಸೀತು.

ನಿಮ್ಮ ಪತ್ರ ಓದುವಾಗ ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಅವರ 1988ರ ಕಾದಂಬರಿ 'ಕ್ಯಾಟ್ಸ್ ಐ' ನೆನಪಾಯಿತು. ಅದರಲ್ಲೂ ಕಾಟ ಕೊಡುವವರು ಮೂವರು ಗೆಳತಿಯರೇ, ಮತ್ತು ಅಲ್ಲಿಯೂ ಮಗಳಿಗೆ ಏನೋ ಆಗುತ್ತಿದೆ ಎಂಬ ಸುಳಿವು ತಾಯಿಗೆ ಸಿಗುತ್ತದೆ. ಆದರೆ ಏನು ಮಾಡಬೇಕೆಂದು ಆಕೆಗೆ ತೋಚುವುದಿಲ್ಲ. ಆ ಹುಡುಗಿ ಮುಂದೆ ಹೈಸ್ಕೂಲಿನಲ್ಲಿ ಬದಲಾಗುತ್ತಾಳೆ, ಹೌದು. ನಾಲಿಗೆಯನ್ನು ಹರಿತ ಮಾಡಿಕೊಂಡು, ಒಂದು ಕಾಲದಲ್ಲಿ ತನ್ನನ್ನು ನೋಯಿಸಿದವಳನ್ನೇ ನೋಯಿಸತೊಡಗುತ್ತಾಳೆ. ಹೊಸಬಳಾಗುವುದೆಂದರೆ ಹೀಗೂ ಆಗಬಹುದು. ನಿಮ್ಮ ಮಗಳ ಕೈಯಲ್ಲಿರುವ ಕಥೆಗಳು ಈ ಸಾಧ್ಯತೆಯನ್ನು ಹೇಳುತ್ತಿಲ್ಲವೆಂದು ನನ್ನ ಊಹೆ.

ಆ ಬಗೆಯ ಕಥೆಗಳಲ್ಲಿ ನನಗೆ ತಕರಾರಿರುವುದು ಎರಡು ಕಡೆ. ನೊಂದವಳೇ ಬದಲಾಗಬೇಕು, ನೋಯಿಸಿದವರು ಇದ್ದಂತೆಯೇ ಇರಬಹುದು ಎಂಬ ತೀರ್ಪು ಅವುಗಳ ಕಥಾಹಂದರದಲ್ಲೇ ಅಡಗಿರುತ್ತದೆ. ಜೊತೆಗೆ, ನಾಯಕಿ ತಾನೇ ಎಲ್ಲವನ್ನೂ ಗೆಲ್ಲಬೇಕಾದ್ದರಿಂದ ಲೇಖಕರು ಅಪ್ಪ ಅಮ್ಮಂದಿರನ್ನು ಬದಿಗೆ ಸರಿಸಿಬಿಡುತ್ತಾರೆ: ಅವರು ಸದಾ ಕೆಲಸದಲ್ಲಿ ಮುಳುಗಿರುತ್ತಾರೆ, ಇಲ್ಲವೇ ಮಗಳ ಮಾತನ್ನು ಅರ್ಥಮಾಡಿಕೊಳ್ಳಲಾರದವರಾಗಿರುತ್ತಾರೆ. ಕಥೆಗೆ ಅದು ಅನುಕೂಲ. ಆದರೆ ಅದನ್ನೇ ಹತ್ತು ಸಲ ಓದಿದ ಮಗುವಿಗೆ ದೊಡ್ಡವರಿಂದ ಏನೂ ಆಗದು ಎಂಬ ನಂಬಿಕೆ ಬೇರೂರುತ್ತದೆ. ನೀವು ಅಲುಗಿಸಬೇಕಾದದ್ದು ಈ ನಂಬಿಕೆಯನ್ನು, ಮತ್ತು ವಾದಿಸಿ ಅದನ್ನು ಅಲುಗಿಸಲಾಗದು.

ಆದ್ದರಿಂದ ನಿಜವನ್ನು ಹೇಳಿಬಿಡಿ, ಇಂದೇ ಹೇಳಿ. ಎದುರುಬದುರು ಕೂರಿಸಿಕೊಂಡು ವಿಚಾರಣೆಯಂತೆ ಕೇಳುವ ಬದಲು ಜೊತೆಯಲ್ಲಿ ನಡೆಯುವಾಗಲೋ ಬಟ್ಟೆ ಮಡಿಸುವಾಗಲೋ ಇಷ್ಟು ಹೇಳಿದರೆ ಸಾಕು: 'ನಿನ್ನ ಪುಸ್ತಕವನ್ನು ಕೇಳದೆ ತೆರೆದೆ, ಅದು ನನ್ನ ತಪ್ಪು. ಅಂಚಿನಲ್ಲಿದ್ದ ಹೆಸರುಗಳನ್ನು ನೋಡಿದೆ. ನಿನಗೆ ಯಾವಾಗ ಹೇಳಬೇಕೆನಿಸುತ್ತದೋ ಆಗ ಕೇಳಲು ನಾನಿದ್ದೇನೆ. ನಿನಗೆ ತಿಳಿಸದೆ ಶಾಲೆಗೆ ಹೋಗುವುದಿಲ್ಲ.' ಅವಳು ಸಿಡುಕಬಹುದು, ಎರಡು ದಿನ ಮಾತು ಬಿಡಬಹುದು. ಆ ಸಿಟ್ಟು ನ್ಯಾಯವಾದದ್ದು, ನಿಮ್ಮನ್ನು ಸಮರ್ಥಿಸಿಕೊಳ್ಳಲು ಹೋಗಬೇಡಿ. ತಪ್ಪೊಪ್ಪಿಕೊಂಡ ತಾಯಿಯನ್ನು ಮಗಳು ಮತ್ತೆ ನಂಬಬಲ್ಲಳು. ಗೊತ್ತಿದ್ದೂ ಸುಮ್ಮನಿದ್ದಳೆಂದು ಮುಂದೊಂದು ದಿನ ತಿಳಿದರೆ ಕ್ಷಮಿಸುವುದು ಕಷ್ಟ. ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಬದುಕುವುದೇ ಬೇಡವೆಂಬ ಮಾತು ಬಂದರೆ, ತನ್ನ ಮೈಯನ್ನು ತಾನೇ ಗಾಯಗೊಳಿಸಿಕೊಂಡ ಗುರುತು ಕಂಡರೆ, ಅದೇ ದಿನ ವೈದ್ಯರ ಅಥವಾ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಈ ಒಂದು ಸಂದರ್ಭದಲ್ಲಿ ಗುಟ್ಟು ಕಾಯಲಾರೆನೆಂದು ಅವಳಿಗೆ ಮೊದಲೇ ಹೇಳಿರಿ.

ಅವಳು ಬಾಯಿಬಿಟ್ಟ ಮೇಲೆ, ನಡೆದದ್ದನ್ನು ದಿನಾಂಕ ಸಮೇತ ಇಬ್ಬರೂ ಕೂಡಿ ಬರೆದಿಡಿ. ಮೊಬೈಲಿನಲ್ಲಿ ಬಂದ ಸಂದೇಶಗಳಿದ್ದರೆ ಅಳಿಸದೆ ಉಳಿಸಿಕೊಳ್ಳಿ. ಶಾಲೆಯವರು ನಾಲ್ವರನ್ನೂ ಒಟ್ಟಿಗೆ ಕೂರಿಸಿ ರಾಜಿ ಮಾಡಿಸಲು ಹೊರಟರೆ ಒಪ್ಪಬೇಡಿ, ಏಕೆಂದರೆ ಬಲದಲ್ಲಿ ಸಮಾನರಲ್ಲದವರ ನಡುವೆ ರಾಜಿಯ ಭಾರವೆಲ್ಲ ನೊಂದವಳ ಮೇಲೆಯೇ ಬೀಳುತ್ತದೆ. ಶಿಕ್ಷಕರು ಸುತ್ತ ನಿಂತು ನಗುವವರನ್ನೂ ನೋಡುವಂತೆ ಕೇಳಿಕೊಳ್ಳಿ. ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದಂತೆ, ಕಿರುಕುಳದಲ್ಲಿ ಬಹುಪಾಲು ಮಕ್ಕಳಿಗೆ ಒಂದಲ್ಲ ಒಂದು ಪಾತ್ರವಿರುತ್ತದೆ: ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ರಕ್ಷಣೆಗೆ ನಿಲ್ಲುವವರು. ರಕ್ಷಣೆಗೆ ನಿಲ್ಲಬಲ್ಲ ಒಬ್ಬಳು ಆ ತರಗತಿಯಲ್ಲಿ ಇದ್ದಾಳೆಯೇ ಎಂಬುದು ಮಗಳಿಗೇ ಗೊತ್ತಿರುತ್ತದೆ.

ಶಾಲೆ ಬದಲಿಸುವುದು ತಪ್ಪೇನಲ್ಲ; ಶಾಲೆ ಕೈಕಟ್ಟಿ ಕುಳಿತರೆ ನೀವೇ ಬೇರೆಡೆಗೆ ಸೇರಿಸಿ. ಆದರೆ ಯಾರೂ ಏನೂ ಮಾಡದೆ ಅವಳು ಹೊರಟುಬಿಟ್ಟರೆ, ಮತ್ತೆ ಸಿಕ್ಕಿಬೀಳುವೆನೆಂಬ ಹೆದರಿಕೆಯೂ ಹೊಸ ಹೆಸರಿನ ಹಿಂದೆಯೇ ಹೋಗುತ್ತದೆ. ಬದಲಾವಣೆಯ ಆಸೆಯನ್ನು ಮಾತ್ರ ಅಲ್ಲಗಳೆಯಬೇಡಿ. ಆ ಮೂವರು ಇಲ್ಲದಿದ್ದರೂ ನಿನಗೆ ಏನೇನು ಬದಲಿಸಿಕೊಳ್ಳಬೇಕೆನಿಸುತ್ತಿತ್ತು ಎಂದು ಕೇಳಿ. ಕೂದಲು ಕತ್ತರಿಸಿಕೊಳ್ಳುವುದೋ, ಹೊಸದೊಂದು ವಿದ್ಯೆ ಕಲಿಯುವುದೋ, ಉತ್ತರವಾಗಿ ಬಂದದ್ದೆಲ್ಲ ಅವಳದೇ. ಅದಕ್ಕೆ ಹೊಸ ಶಾಲೆಗಾಗಿ ಕಾಯಬೇಕಿಲ್ಲ.

ಇನ್ನು ನಿಮ್ಮ ಪತಿಯವರ ಮಾತು. ಕಾದಂಬರಿಯಿಂದ ಕೇಡಾಗಿದೆಯೆಂದು ಅವರು ನಂಬುವುದಾದರೆ ಒಂದನ್ನಾದರೂ ಪೂರ್ತಿ ಓದಲಿ, ನೀವೂ ಓದಿ. ಆದರೆ ಅವಳ ಪೆನ್ಸಿಲ್ ಗುರುತುಗಳಿರುವ ಪ್ರತಿಯನ್ನು ಮತ್ತೆ ಮುಟ್ಟಬೇಡಿ. ಬೇರೊಂದು ಪ್ರತಿ ತಂದುಕೊಳ್ಳಿ, ಯಾವುದನ್ನು ಮೊದಲು ಓದಬೇಕೆಂಬುದನ್ನು ಅವಳೇ ಆರಿಸಿಕೊಡಲಿ.