ಬಂಕ್ ಲೆಕ್ಕ: ಮೊದಲು ಲೀಟರ್, ಆಮೇಲೆ ರೂಪಾಯಿ

ಪೆಟ್ರೋಲ್ ಬಂಕ್‌ನ ಸ್ಟಾಕ್ ಮತ್ತು ಲೆಕ್ಕದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಅಪ್ಪನ ನಂತರ ಬಂಕ್ ನಾನು ನೋಡಿಕೊಳ್ಳುತ್ತಿದ್ದೇನೆ. ದಿನಕ್ಕೆ ಸುಮಾರು 3,000 ಲೀಟರ್ ಡೀಸೆಲ್ ಹೋಗುತ್ತದೆ. ಹೋದ ತಿಂಗಳು ಡೀಸೆಲ್ ಸ್ಟಾಕ್ 430 ಲೀಟರ್ ಕಡಿಮೆ ಬಂತು. ನಮ್ಮ ಮ್ಯಾನೇಜರ್ ಅಪ್ಪನ ಕಾಲದವರು. ಕೇಳಿದರೆ "ಆವಿ ಆಗಿ ಹೋಗತೈತಿ ಬಿಡ್ರಿ, ಎಲ್ಲಾ ಬಂಕ್‌ನಾಗೂ ಇದ್ದದ್ದ" ಅನ್ನುತ್ತಾರೆ. ಇದು ನಿಜವೇ?
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ಪೆಟ್ರೋಲ್ ಬಗ್ಗೆ ಹೀಗೆ ಹೇಳಿದ್ದರೆ ಅರ್ಧ ಒಪ್ಪಬಹುದಿತ್ತು. ಡೀಸೆಲ್ ಆವಿಯಾಗುವುದು ತೀರಾ ಕಡಿಮೆ. ವರ್ಷಕ್ಕೆ 600 ಕಿಲೋಲೀಟರ್‌ಗಿಂತ (6 ಲಕ್ಷ ಲೀಟರ್) ಜಾಸ್ತಿ ಮಾರುವ ಬಂಕ್‌ಗೆ ತೈಲ ಕಂಪನಿಗಳ ನಿಯಮ ಒಪ್ಪುವ ನಷ್ಟ ಡೀಸೆಲ್‌ಗೆ ಶೇ 0.20, ಪೆಟ್ರೋಲ್‌ಗೆ ಶೇ 0.60. ನಿಮ್ಮ ತಿಂಗಳ ಮಾರಾಟ 90,000 ಲೀಟರ್ ಅಂದರೆ 180 ಲೀಟರ್ ಸರಿ. ಉಳಿದ 250 ಲೀಟರ್ ಎಲ್ಲೋ ಹೋಗಿದೆ. ಲೀಟರ್‌ಗೆ 90 ರೂಪಾಯಿ ಅಂತ ಹಿಡಿದರೂ ಅದು 22,500 ರೂಪಾಯಿ. ಆದರೆ ಇಷ್ಟಕ್ಕೇ ಮ್ಯಾನೇಜರ್ ಮೇಲೆ ಅನುಮಾನ ಪಡಬೇಡಿ. ಮೊದಲು ನಿಮ್ಮ ಲೆಕ್ಕ ಬರೆಯುವ ರೀತಿ ನೋಡೋಣ.

ಬಂಕ್‌ನಲ್ಲಿ ಟ್ಯಾಂಕ್, ಮೀಟರ್, ಹಣ ಅಂತ ಮೂರು ಲೆಕ್ಕ ಇವೆ. ಮೂರನ್ನೂ ಬೇರೆ ಬೇರೆಯಾಗಿ, ಒಂದನ್ನು ನೋಡಿ ಇನ್ನೊಂದನ್ನು ಬರೆಯದೆ ತೆಗೆಯಬೇಕು. ಬಹಳ ಕಡೆ ಆಗುವುದೇನೆಂದರೆ, ಡಿಪ್ ರಾಡ್ (ಟ್ಯಾಂಕ್‌ನಲ್ಲಿ ಎಷ್ಟು ಎತ್ತರಕ್ಕೆ ಎಣ್ಣೆ ಇದೆ ಅಂತ ಅಳೆಯುವ ಕೋಲು) ಇಳಿಸುವವನಿಗೆ ಪುಸ್ತಕದಲ್ಲಿ ಎಷ್ಟು ಇರಬೇಕು ಅಂತ ಮೊದಲೇ ಗೊತ್ತಿರುತ್ತದೆ, ಹಾಗಾಗಿ ರಾಡ್‌ನಲ್ಲಿ ಏನೇ ಬಂದಿರಲಿ ಅವನು ಪುಸ್ತಕಕ್ಕೆ ಹೊಂದುವ ಅಂಕಿಯನ್ನೇ ಬರೆದುಬಿಡುತ್ತಾನೆ, ತಿಂಗಳ ಕೊನೆಯಲ್ಲಿ ಎಲ್ಲ ಒಟ್ಟಿಗೆ ಬಯಲಾಗುತ್ತದೆ. ನಿಮ್ಮಲ್ಲೂ ಹೀಗೇ ಆಗಿರಬಹುದು. ಡಿಪ್ ಓದುವವರು ಒಬ್ಬರಿರಲಿ, ಪುಸ್ತಕದ ಸ್ಟಾಕ್ ತೆಗೆಯುವವರು ಇನ್ನೊಬ್ಬರಿರಲಿ.

ಲೆಕ್ಕ ಸರಳ. ಬೆಳಗಿನ ಡಿಪ್ ಸ್ಟಾಕ್ 6,240 ಲೀಟರ್, ಟ್ಯಾಂಕರ್‌ನಲ್ಲಿ ಬಂದ ಲೋಡ್ 8,000, ಒಟ್ಟು 14,240. ಎಲ್ಲ ನಾಝಲ್‌ಗಳ ಮೀಟರ್ ಓಡಿದ್ದು 3,165. ಅದರಲ್ಲಿ ಬೆಳಗ್ಗೆ ನಾಝಲ್‌ನ ಅಳತೆ ಸರಿ ಇದೆಯೇ ಅಂತ ಟೆಸ್ಟಿಂಗ್‌ಗೆ ಹಿಡಿದು ಮತ್ತೆ ಟ್ಯಾಂಕ್‌ಗೆ ಸುರಿದದ್ದು 15 ಲೀಟರ್. ನಿಜವಾದ ಮಾರಾಟ 3,150. ಪುಸ್ತಕದಲ್ಲಿ ಉಳಿಯಬೇಕಾದದ್ದು 11,090. ಡಿಪ್‌ನಲ್ಲಿ 11,052 ಬಂದರೆ 38 ಲೀಟರ್ ಕಡಿಮೆ. ಈ 38ನ್ನು ಹಾಗೇ ಬರೆಯಿರಿ. ಪಕ್ಕದ ಕಾಲಮ್‌ನಲ್ಲಿ ಒಂದನೇ ತಾರೀಖಿನಿಂದ ಇಲ್ಲಿಯವರೆಗಿನ ಒಟ್ಟು ವ್ಯತ್ಯಾಸವನ್ನೂ ಬರೆಯಿರಿ. ನನಗೆ ಇಡೀ ರಿಜಿಸ್ಟರ್‌ನಲ್ಲಿ ತುಂಬಾ ಮುಖ್ಯ ಅನ್ನಿಸುವುದು ಈ ಎರಡನೇ ಕಾಲಮ್.

ಯಾಕೆ ಅಂದರೆ, ಒಂದು ದಿನದ ವ್ಯತ್ಯಾಸ ಏನೂ ಹೇಳುವುದಿಲ್ಲ. 20 ಕಿಲೋಲೀಟರ್ ಟ್ಯಾಂಕ್ ಮಲಗಿಸಿದ ಸಿಲಿಂಡರ್. ಅರ್ಧ ತುಂಬಿದ್ದಾಗ 1 ಸೆಂ.ಮೀ. ಎತ್ತರ ಅಂದರೆ 100 ಲೀಟರ್‌ಗೂ ಜಾಸ್ತಿ. ರಾಡ್ ಓದುವಾಗ 3 ಮಿ.ಮೀ. ತಪ್ಪಿದರೆ 30 ಲೀಟರ್ ಹೋಯಿತು. ಆದರೆ ಅಂಥ ತಪ್ಪು ಇವತ್ತು ಕಡಿಮೆ, ನಾಳೆ ಜಾಸ್ತಿ ಆಗಿ ಸರಿಹೋಗುತ್ತದೆ. ಒಂದೇ ಕಡೆಗೆ ಏರುತ್ತಲೇ ಹೋಗುವ ನಷ್ಟ ಮಾತ್ರ ನಿಜವಾದ ನಷ್ಟ.

ಆ ನಷ್ಟ ಯಾವಾಗ ಏರುತ್ತದೆ ಅಂತ ನೋಡಿದರೆ ಕಾರಣವೂ ಸಿಗುತ್ತದೆ. ಲೋಡ್ ಬಂದ ದಿನ ಮಾತ್ರ ಏರಿದರೆ ಟ್ಯಾಂಕರ್ ಕಡೆ ನೋಡಿ. ಮಾರಾಟ ಜಾಸ್ತಿ ಆದ ದಿನ ನಷ್ಟವೂ ಅದೇ ಲೆಕ್ಕದಲ್ಲಿ ಜಾಸ್ತಿ ಆದರೆ ನಾಝಲ್ ಜಾಸ್ತಿ ಸುರಿಯುತ್ತಿದೆ. 5 ಲೀಟರ್ ಅಳತೆ ಪಾತ್ರೆಯಲ್ಲಿ 15 ಮಿ.ಲೀ. ಹೆಚ್ಚು ಬಂದರೆ "ಗ್ರಾಹಕರಿಗೆ ಒಳ್ಳೆಯದೇ ಅಲ್ವಾ" ಅಂತ ಸುಮ್ನೆ ಬಿಡುತ್ತಾರೆ. ನಿಯಮ ಒಪ್ಪುವ 25 ಮಿ.ಲೀ. ವ್ಯತ್ಯಾಸದ ಒಳಗೆ ಇದೆಯಲ್ಲ ಅನ್ನುವ ಧೈರ್ಯ ಬೇರೆ. ಆದರೆ ಅದು ಶೇ 0.3. ನಿಮ್ಮ 90,000 ಲೀಟರ್‌ಗೆ ತಿಂಗಳಿಗೆ 270 ಲೀಟರ್! ನಿಮ್ಮಲ್ಲಿ ಲೆಕ್ಕ ಸಿಗದ 250 ಲೀಟರ್‌ಗೆ ಇದು ಎಷ್ಟು ಹತ್ತಿರ ಇದೆ ನೋಡಿ. ನಾನಾಗಿದ್ದರೆ ನಾಳೆ ಬೆಳಗ್ಗೆ ಮೊದಲು ಮಾಡುವ ಕೆಲಸ ಪ್ರತಿ ಡೀಸೆಲ್ ನಾಝಲ್ ಅಳೆಯುವುದು, ಅದೂ ಮುದ್ರೆ ಹಾಕಿದ ಪಾತ್ರೆಯಲ್ಲಿ, ಒಂದು ಸಲ ಅಲ್ಲ, ಮೂರು ನಾಲ್ಕು ಸಲ. ವ್ಯತ್ಯಾಸ ಇದ್ದರೆ ನೀವೇ ಕೈ ಹಾಕಬೇಡಿ. ಸೀಲ್ ಮುಟ್ಟುವುದು ಅಪರಾಧ. ಕಂಪನಿಯ ಮೆಕ್ಯಾನಿಕ್ ಸರಿಮಾಡಬೇಕು, ಕಾನೂನು ಮಾಪನ ಇಲಾಖೆಯವರು ಮತ್ತೆ ಮುದ್ರೆ ಹಾಕಬೇಕು.

ಮಾರಾಟಕ್ಕೂ ಲೋಡ್‌ಗೂ ಸಂಬಂಧ ಇಲ್ಲದೆ ದಿನಾ ಒಂದೇ ಅಳತೆಯಲ್ಲಿ ಕಡಿಮೆ ಆಗುತ್ತಿದ್ದರೆ ಟ್ಯಾಂಕ್ ಅಥವಾ ಪೈಪ್ ಸೋರಿಕೆ ಇರಬಹುದು. ರಾತ್ರಿ ಬಂಕ್ ಮುಚ್ಚಿದ ಮೇಲೆ ಡಿಪ್ ತೆಗೆದು, ಬೆಳಗ್ಗೆ ಮಾರಾಟಕ್ಕೆ ಮೊದಲು ಮತ್ತೆ ತೆಗೆಯಿರಿ. ಮಟ್ಟ ಇಳಿದಿದ್ದರೆ ಕಾಯಬೇಡಿ, ಮಾರಾಟ ನಿಲ್ಲಿಸಿ ಅವತ್ತೇ ಕಂಪನಿಗೆ ತಿಳಿಸಿ. ಅಕ್ಕಪಕ್ಕದವರ ಬಾವಿ, ಬೋರ್‌ವೆಲ್ ನೀರಿನ ವಿಷಯ ಇದು.

ಪ್ರಶ್ನೆ: ಟ್ಯಾಂಕರ್ ಬಂದಾಗ ಏನೇನು ನೋಡಬೇಕು? ಡ್ರೈವರ್‌ಗೆ ಯಾವಾಗಲೂ ಅವಸರ.
(ಒಬ್ಬ ಓದುಗರು, ಚಿಕ್ಕಮಗಳೂರು)

ಉತ್ತರ: ಅವಸರ ಅವರದು, ಹಣ ನಿಮ್ಮದು. ಗಾಡಿ ಸಮತಟ್ಟು ಜಾಗದಲ್ಲಿ ನಿಂತು ಒಳಗಿನ ಎಣ್ಣೆ ಅಲುಗಾಡದೆ ನಿಲ್ಲಲಿ. ಸೀಲ್ ನಂಬರ್ ಇನ್‌ವಾಯ್ಸ್‌ಗೆ ಹೊಂದುತ್ತದೆಯೇ ನೋಡಿ. ಒಂದೊಂದು ಕಂಪಾರ್ಟ್‌ಮೆಂಟ್‌ನಲ್ಲೂ ಡಿಪ್ ತೆಗೆಯಿರಿ. ಸ್ಯಾಂಪಲ್ ತೆಗೆದು, ಡೆನ್ಸಿಟಿಯನ್ನು (ಸಾಂದ್ರತೆ) 15 ಡಿಗ್ರಿ ಉಷ್ಣಾಂಶದ ಲೆಕ್ಕಕ್ಕೆ ಪರಿವರ್ತಿಸಿ ಇನ್‌ವಾಯ್ಸ್ ಜೊತೆ ಹೋಲಿಸಿ. ವ್ಯತ್ಯಾಸ 3 ಕೆ.ಜಿ.ಗಿಂತ (ಪ್ರತಿ ಘನ ಮೀಟರ್‌ಗೆ) ಜಾಸ್ತಿ ಇದ್ದರೆ ಇಳಿಸಿಕೊಳ್ಳಬೇಡಿ, ಕಂಪನಿಗೆ ಫೋನ್ ಮಾಡಿ. ಇಳಿಸುವಾಗ ಆ ಟ್ಯಾಂಕ್‌ನಿಂದ ಮಾರಾಟ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಬಂದದ್ದೆಷ್ಟು ಹೋದದ್ದೆಷ್ಟು ಅಂತ ದೇವರಿಗೇ ಗೊತ್ತು. ಕೊನೆಗೆ ಹೋಸ್‌ನಲ್ಲಿ ಉಳಿದದ್ದನ್ನೂ ಬಸಿದುಕೊಳ್ಳಿ. ಕಂಪಾರ್ಟ್‌ಮೆಂಟ್ ಖಾಲಿ ಆಗಿದೆಯೇ ಅಂತ ಕಣ್ಣಾರೆ ನೋಡಿ. ಕಡಿಮೆ ಬಂದರೆ ಗಾಡಿ ಹೊರಡುವ ಮೊದಲೇ ಅದನ್ನು ಕಾಗದದಲ್ಲಿ ಬರೆಸಿ, ಡ್ರೈವರ್ ಸಹಿ ಹಾಕಿಸಿ. ಗಾಡಿ ಹೋದ ಮೇಲೆ ಮಾತಾಡಿ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಬಿಸಿಲಲ್ಲಿ ಬಂದ ಪೆಟ್ರೋಲ್ ನೆಲದೊಳಗಿನ ಟ್ಯಾಂಕ್‌ನಲ್ಲಿ ತಣ್ಣಗಾದಾಗ ಕುಗ್ಗುತ್ತದೆ. ಒಂದು ಡಿಗ್ರಿಗೆ ಸಾವಿರ ಲೀಟರ್‌ಗೆ ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ. 8,000 ಲೀಟರ್ 4 ಡಿಗ್ರಿ ತಣ್ಣಗಾದರೆ ಸುಮಾರು 35 ಲೀಟರ್ ಕಾಣೆ. ಇದರಲ್ಲಿ ಯಾರ ಕಳ್ಳತನವೂ ಇಲ್ಲ. ಲೋಡ್‌ನ ಉಷ್ಣಾಂಶ ಬರೆದಿಟ್ಟುಕೊಂಡರೆ ಡ್ರೈವರ್ ಮೇಲೆ ಸುಳ್ಳು ಆರೋಪ ಬರುವುದೂ ತಪ್ಪುತ್ತದೆ.

ಪ್ರಶ್ನೆ: ನಾನು ಬಂಕ್‌ನಲ್ಲಿ ಪೆಟ್ರೋಲ್ ಹಾಕುವ ಕೆಲಸ ಮಾಡುತ್ತೇನೆ. ಶಿಫ್ಟ್ ಮುಗಿದಾಗ 300, 500 ರೂಪಾಯಿ ಶಾರ್ಟ್ ಬರುತ್ತದೆ. ಸಂಬಳದಲ್ಲಿ ಹಿಡಿಯುತ್ತಾರೆ. ನಾನು ತೆಗೆದಿಲ್ಲ.
(ಹೆಸರು ಬೇಡ, ತುಮಕೂರು)

ಉತ್ತರ: ನಿಮ್ಮ ಪತ್ರ ಮಾಲೀಕರೂ ಓದಬೇಕು. ಶಿಫ್ಟ್ ಶುರುವಾಗುವಾಗ ನಿಮ್ಮ ನಾಝಲ್‌ನ ರೀಡಿಂಗ್ ನೀವೇ ನೋಡಿ ಬರೆದು, ಹಿಂದಿನ ಶಿಫ್ಟ್‌ನವರ ಸಹಿ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ಫೋಟೊ ಬೇಡ, ಆ ಜಾಗದಲ್ಲಿ ಅದು ಅಪಾಯ. ಕಾಗದ ಸಾಕು. ಒಂದು ನಾಝಲ್ ಒಬ್ಬರದೇ ಆಗಿರಬೇಕು. ಊಟಕ್ಕೆ ಹೋದಾಗ ಇನ್ನೊಬ್ಬರು ಹಾಕಿದರೆ ಆಗಲೂ ರೀಡಿಂಗ್ ಬರೆಯಿರಿ. ಬೆಳಗಿನ ಟೆಸ್ಟಿಂಗ್ 5 ಲೀಟರ್ ನಿಮ್ಮ ಶಿಫ್ಟ್‌ನಲ್ಲಿ ಆಗಿದ್ದರೆ ಅದನ್ನು ನಿಮ್ಮ ಮೀಟರ್ ಲೆಕ್ಕದಿಂದ ಕಳೆದಿದ್ದಾರೆಯೇ ಕೇಳಿ. ಪೆಟ್ರೋಲ್‌ಗೆ 100 ರೂಪಾಯಿ ಅಂತ ಹಿಡಿದರೆ ಆ 5 ಲೀಟರೇ 500 ರೂಪಾಯಿ. ನಿಮ್ಮ ಶಾರ್ಟ್ ಅದೇ ಇರಬಹುದು. ಯುಪಿಐ ಹಣವನ್ನು ಗ್ರಾಹಕರ ಫೋನ್ ತೋರಿಸಿದ ಪರದೆ ನೋಡಿ ಲೆಕ್ಕ ಹಿಡಿಯಬೇಡಿ, ಬಂಕ್‌ನ ಖಾತೆಗೆ ಬಂದ ಪಟ್ಟಿಯನ್ನೇ ನೋಡಿ. ರಾತ್ರಿ ಶಿಫ್ಟ್ ಆದರೆ ಹನ್ನೆರಡರ ನಂತರದ ಹಣ ಮರುದಿನದ ತಾರೀಖಿನಲ್ಲಿ ಕಾಣುತ್ತದೆ.

ಇನ್ನು ಕಾನೂನಿನ ಮಾತು. ನಿಮ್ಮ ನಿರ್ಲಕ್ಷ್ಯದಿಂದಲೇ ಹಣ ಹೋಗಿದೆ ಅಂತ ಇರಬೇಕು, ನಿಮ್ಮ ವಿವರಣೆ ಕೇಳಬೇಕು. ಅದಿಲ್ಲದೆ ಸಂಬಳದಿಂದ ಕಡಿತ ಮಾಡುವಂತಿಲ್ಲ.

ಪ್ರಶ್ನೆ: ನಮ್ಮ ಅಕೌಂಟೆಂಟ್ ರೂಪಾಯಿಯಲ್ಲೇ ಲೆಕ್ಕ ತೋರಿಸುತ್ತಾರೆ. ಲಾಭ ಇದೆಯಲ್ಲ, ಸಾಲದೇ?
(ಒಬ್ಬ ಬಂಕ್ ಮಾಲೀಕರು, ದಾವಣಗೆರೆ)

ಉತ್ತರ: ಸಾಲದು. ಜೂನ್ 2017ರಿಂದ ಬೆಲೆ ದಿನಾ ಬೆಳಗ್ಗೆ 6ಕ್ಕೆ ಬದಲಾಗಬಹುದು. ಜೂನ್ 2024ರಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಲೀಟರ್‌ಗೆ ಸುಮಾರು 3 ರೂಪಾಯಿ ಏರಿತು. ಹಾಗೆ ಏರಿದ ದಿನ ಟ್ಯಾಂಕ್‌ನಲ್ಲಿ 12,000 ಲೀಟರ್ ಹಳೇ ಸ್ಟಾಕ್ ಇದ್ದರೆ 36,000 ರೂಪಾಯಿ ಲಾಭ ಕಾಣುತ್ತದೆ. ಆ ತಿಂಗಳು 300 ಲೀಟರ್ ಕಳೆದುಹೋಗಿದ್ದರೂ ರೂಪಾಯಿಯಲ್ಲಿ ಗೊತ್ತೇ ಆಗುವುದಿಲ್ಲ. ಬೆಲೆ ಇಳಿದ ತಿಂಗಳು ಇದರ ಉಲ್ಟಾ, ಏನೂ ತಪ್ಪು ಮಾಡದ ಹುಡುಗರನ್ನು ಬೈಯುತ್ತೀರಿ. ಬೆಲೆ ಬದಲಾದಾಗ ಮೀಟರ್ ರೀಡಿಂಗ್, ಡಿಪ್ ಎರಡೂ ತೆಗೆದು, ಬೆಲೆಯ ಲಾಭ ನಷ್ಟಕ್ಕೆ ಬೇರೆ ಖಾತೆ ಇಡಿಸಿ. ಆಯಿಲ್, ಗ್ರೀಸ್ ಮಾರಾಟಕ್ಕೆ ಜಿಎಸ್‌ಟಿ ಇದೆ, ಪೆಟ್ರೋಲ್ ಡೀಸೆಲ್‌ಗೆ ಇಲ್ಲ. ಆ ಪುಸ್ತಕವೂ ಬೇರೆಯೇ ಇರಲಿ.

ಪ್ರಶ್ನೆ: ಲಾರಿ ಮಾಲೀಕರು ಉದ್ರಿ ಕೇಳುತ್ತಾರೆ. ಕೊಡದಿದ್ದರೆ ಪಕ್ಕದ ಬಂಕ್‌ಗೆ ಹೋಗುತ್ತಾರೆ.
(ಒಬ್ಬ ಓದುಗರು, ಬಳ್ಳಾರಿ)

ಉತ್ತರ: ಕೊಡಿ, ಆದರೆ ಬಾಯಿಮಾತಿನಲ್ಲಿ ಬೇಡ. ಮಾಲೀಕರ ಸಹಿ ಇರುವ ಚೀಟಿ, ಗಾಡಿ ನಂಬರ್, ಲೀಟರ್, ಡ್ರೈವರ್ ಸಹಿ ಇರಲಿ. ಪ್ರತಿಯೊಬ್ಬರಿಗೂ ಮೊದಲೇ ಮಿತಿ ಹಾಕಿ. ಮಿತಿ ಮುಟ್ಟಿದ ದಿನ ನಾಝಲ್ ಎತ್ತಬಾರದು, ಅವರು ಎಷ್ಟೇ ಹತ್ತಿರದವರಾಗಿರಲಿ. ಉದ್ರಿ ಚೀಟಿಯನ್ನು ಅದೇ ಶಿಫ್ಟ್‌ನ ಹಣದ ಲೆಕ್ಕಕ್ಕೆ ಸೇರಿಸಿ. ಮರುದಿನಕ್ಕೆ ಉಳಿದ ಚೀಟಿಯಿಂದಲೇ ಅರ್ಧ ಗೊಂದಲ ಶುರುವಾಗುವುದು. ಬಾಕಿ ತೀರಿಸುವಾಗ ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳಬೇಡಿ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಮೂಲಕವೇ ಹಾಕಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಪೆಟ್ರೋಲ್ ಟ್ಯಾಂಕ್‌ಗೆ ನೀರು ಸೇರಿದರೆ ಲೆಕ್ಕದಲ್ಲಿ ಗೊತ್ತಾಗುತ್ತದೆಯೇ?
(ಒಬ್ಬ ಓದುಗರು, ಉಡುಪಿ)

ಉತ್ತರ: ಲೆಕ್ಕದಲ್ಲಿ ಸ್ಟಾಕ್ ಜಾಸ್ತಿ ಬಂದ ಹಾಗೆ ಕಾಣಬಹುದು. ಕಾರಣವಿಲ್ಲದೆ ಸ್ಟಾಕ್ ಏರಿದರೆ ಖುಷಿಪಡಬೇಡಿ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ನೀರು ಸೇರಿದರೆ ಎಥೆನಾಲ್ ಅದರ ಜೊತೆ ಕೂಡಿ ತಳಕ್ಕೆ ಇಳಿಯುತ್ತದೆ, ಅದು ಗಾಡಿಗೆ ಹೋದರೆ ಎಂಜಿನ್ ನಿಲ್ಲುತ್ತದೆ. ದಿನಾ ಬೆಳಗ್ಗೆ ಡಿಪ್ ರಾಡ್ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ನೋಡಿ. ಎಥೆನಾಲ್ ಪೆಟ್ರೋಲ್‌ಗೆ ಅಂತಲೇ ಇರುವ ಪೇಸ್ಟ್ ಬೇಕು, ಹಳೆಯದು ಸರಿಯಾಗಿ ತೋರಿಸುವುದಿಲ್ಲ. ಟ್ಯಾಂಕ್ ಮುಚ್ಚಳದ ಗುಂಡಿಯಲ್ಲಿ ಮಳೆನೀರು ನಿಂತಿದ್ದರೆ ಮೊದಲು ಅದನ್ನು ಎತ್ತಿ ಒರೆಸಿ, ಆಮೇಲೆ ಮುಚ್ಚಳ ತೆಗೆಯಿರಿ. ಪೇಸ್ಟ್ ಬಣ್ಣ ಬದಲಾದರೆ ಆ ಟ್ಯಾಂಕ್‌ನ ಮಾರಾಟ ತಕ್ಷಣ ನಿಲ್ಲಿಸಿ ಕಂಪನಿಯವರನ್ನು ಕರೆಯಿರಿ.