ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿಸಬೇಕು, ಬೆಂಕಿ ಹತ್ತದಂತೆ ಏನು ಮಾಡಲಿ?
ಮೊದಲು ಗೇರು ಸಿಪ್ಪೆಯ ರಾಶಿ ದೂರ ಹೋಗಲಿ. ಅದರಲ್ಲಿ ಎಣ್ಣೆಯಿದೆ, ಹತ್ತಿಕೊಂಡರೆ ಸುಲಭಕ್ಕೆ ಆರದು. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಎಂಥ ಬೆಂಕಿ ಅನ್ನುವವರಿದ್ದಾರೆ. ಶೆಡ್ಡಿನೊಳಗಿನ ಸಿಪ್ಪೆಗೆ ಮಳೆ ಲೆಕ್ಕಕ್ಕಿಲ್ಲ. ಸುತ್ತ 11 ಮೀಟರ್ ಖಾಲಿ ಮಾಡಿಸಿ, ತೆಗೆಯಲಾಗದ್ದಕ್ಕೆ ಫೈರ್ ಬ್ಲಾಂಕೆಟ್ ಹೊದಿಸಿ. ಗೋಣಿಯ ಮಡಿಕೆ, ನೆಲದ ಬಿರುಕು, ತೊಲೆಯ ಮೇಲಿನ ಧೂಳು ಕೂಡ ನೋಡಿ. ಕಿಡಿ ಅಡಗಿ ಕೂರುವುದು ಅಲ್ಲೇ, ಹೊಗೆ ಕಾಣುವುದು ಎಷ್ಟೋ ಹೊತ್ತಿನ ಮೇಲೆ. ಹಾಗಾಗಿ ವೆಲ್ಡರ್ ಊಟಕ್ಕೆ ಹೋದರೂ ಒಬ್ಬ ಎಕ್ಸ್‌ಟಿಂಗ್ವಿಶರ್ ಇಟ್ಟುಕೊಂಡು ಕೆಲಸ ನಿಂತ ಮೇಲೂ ಕನಿಷ್ಠ ಒಂದು ಗಂಟೆ ಕಾವಲಿರಬೇಕು. ನನ್ನ ಪ್ರಕಾರ ಉಳಿದದ್ದಕ್ಕಿಂತ ಇದೇ ಮುಖ್ಯ. ಕರೆಂಟಿನ ಬೆಂಕಿಗೆ ನೀರು ಹಾಕಬೇಡಿ; ಮೇನ್ ಆಫ್ ಮಾಡಿ ಕಾರ್ಬನ್ ಡೈಆಕ್ಸೈಡ್ ಹೊಡೆಯಿರಿ. ಒಂದು ಎಕ್ಸ್‌ಟಿಂಗ್ವಿಶರಿಗೆ ಬೆಂಕಿ ಬಗ್ಗದಿದ್ದರೆ ಎಲ್ಲರೂ ಹೊರಗೆ. ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾತ್ರ ಅದಕ್ಕೂ ಮೊದಲೇ ಹೋಗಿರಬೇಕು.